ಲೆಕ್ಕದ ಪುಸ್ತಕ ದೇವರ ಕೈಗೆ: ಅನ್ಯಾಯ ಮಾಡಿದವರನ್ನು ಕ್ಷಮಿಸುವುದು ಹೇಗೆ?

ಧ್ಯಾನದ ಭಾಗ: ಆದಿಕಾಂಡ 50:15-21, ಮತ್ತಾಯ 18:21-35

  

ಪ್ರಿಯರೇ, ನಾವು ಪ್ರತಿದಿನ ಕರ್ತನು ಕಲಿಸಿದ ಪ್ರಾರ್ಥನೆ ಮಾಡ್ತೀವಿ. ಅದರಲ್ಲಿ ಬೇರೆಯವರನ್ನು ಕ್ಷಮಿಸುವ ಮಾತು ಬಂದಾಗ ನಾಲಿಗೆ ಓಡಿಬಿಡುತ್ತೆ, ಹೃದಯ ಮಾತ್ರ ಅಲ್ಲೇ ನಿಂತುಬಿಡುತ್ತೆ. ಯಾಕಂದ್ರೆ ಒಂದು ಮುಖ ನೆನಪಿಗೆ ಬರುತ್ತೆ. ಹೊಲದ ಬದು ಒತ್ತಿದ ಅಣ್ಣನ ಮುಖ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಹೋದ ಮೇಸ್ತ್ರಿಯ ಮುಖ. ಮಾಡದ ತಪ್ಪನ್ನು ನಿಮ್ಮ ಮೇಲೆ ಹೊರಿಸಿದ ಮೇಲಧಿಕಾರಿಯ ಮುಖ. ಕೆಲವರಿಗೆ ಅದು ಮನೆಯೊಳಗಿನ ಮುಖವೇ.

ಮನೆ ಭೇಟಿಗೆ ಹೋದಾಗ ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು: "ಬ್ರದರ್, ಕ್ಷಮಿಸು ಅಂತ ಹೇಳ್ತೀರಿ. ಹಾಗಾದ್ರೆ ಅವರು ಮಾಡಿದ್ದು ಸರಿ ಅಂತಾನಾ?" ಇದು ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಬೈಗುಳ ಬೇಡ, ಸತ್ಯವೇದದಿಂದ ಉತ್ತರ ಬೇಕು. ಇವತ್ತು ಯೋಸೇಫನ ಜೀವಿತದಿಂದ ನಾಲ್ಕು ವಿಷಯಗಳನ್ನು ಧ್ಯಾನ ಮಾಡೋಣ. ವಾಕ್ಯಭಾಗಗಳನ್ನು ಗುರುತು ಮಾಡಿಕೊಳ್ಳಿ, ಮನೆಗೆ ಹೋಗಿ ಪೂರ್ತಿ ಓದಿ.

1. ಕ್ಷಮಾಪಣೆ ಅನ್ಯಾಯವನ್ನು ಸಣ್ಣದು ಅಂತ ಹೇಳುವುದಿಲ್ಲ

ಯೋಸೇಫನಿಗೆ ಏನಾಯ್ತು ಅಂತ ನಿಮಗೆ ಗೊತ್ತು. 17 ವರ್ಷದ ಹುಡುಗ. ಸ್ವಂತ ಅಣ್ಣಂದಿರೇ ಅಂಗಿ ಕಿತ್ತು, ಗುಂಡಿಗೆ ಹಾಕಿ, 20 ಬೆಳ್ಳಿ ನಾಣ್ಯಗಳಿಗೆ ಮಾರಿಬಿಟ್ಟರು. ಐಗುಪ್ತದಲ್ಲಿ ಪೋಟೀಫರನ ಮನೆಯಲ್ಲಿ ನಂಬಿಗಸ್ತನಾಗಿ ದುಡಿದ. ಸುಳ್ಳು ಆಪಾದನೆ ಬಂತು, ಸೆರೆಮನೆ ಸೇರಿದ. ಸೆರೆಮನೆಯಲ್ಲಿ ಪಾನದಾಯಕನಿಗೆ ಒಳ್ಳೇದು ಮಾಡಿದ. ಅವನು ಹೊರಗೆ ಹೋಗಿ ಮರೆತೇಬಿಟ್ಟ.

ಆ ಸೆರೆಮನೆಯಲ್ಲಿ ಯೋಸೇಫ ಪಾನದಾಯಕನಿಗೆ ಏನು ಹೇಳಿದ? ಆದಿಕಾಂಡ 40:15 ನೋಡಿ. ನನ್ನನ್ನು ನನ್ನ ದೇಶದಿಂದ ಕದ್ದು ತಂದರು, ಇಲ್ಲಿಯೂ ಸೆರೆಗೆ ಹಾಕುವಂಥದ್ದು ನಾನೇನೂ ಮಾಡಿಲ್ಲ ಅಂತ ತನ್ನ ಸಂಗತಿಯನ್ನು ನೇರವಾಗಿ ಬಿಚ್ಚಿಟ್ಟ. "ಪರವಾಗಿಲ್ಲ ಬಿಡಿ, ಎಲ್ಲಾ ದೇವರ ಚಿತ್ತ" ಅಂತ ಮುಖವಾಡ ಹಾಕಲಿಲ್ಲ. ಮುಂದೆ ಅಣ್ಣಂದಿರಿಗೆ ತನ್ನನ್ನು ತೋರಿಸಿಕೊಂಡಾಗಲೂ, ನೀವು ಮಾರಿದ ಯೋಸೇಫನೇ ನಾನು ಅಂತಲೇ ಗುರುತು ಹೇಳಿದ. 50ನೇ ಅಧ್ಯಾಯದಲ್ಲಿ ಕೂಡ, ನೀವು ನನಗೆ ಕೇಡನ್ನೇ ಯೋಚಿಸಿದ್ದಿರಿ ಅನ್ನುವ ಸತ್ಯವನ್ನು ಮೊದಲು ಹೇಳಿ, ಆಮೇಲೆ ದೇವರು ಅದನ್ನು ಮೇಲಿಗೆ ತಿರುಗಿಸಿದ್ದನ್ನು ಹೇಳ್ತಾನೆ. ಕೇಡನ್ನು ಕೇಡು ಅಂತ ಹೆಸರಿಸದೆ ಕ್ಷಮಿಸುವುದಕ್ಕೆ ಆಗುವುದಿಲ್ಲ. ಅಲ್ಲಿ ಏನೂ ನಡೆದೇ ಇಲ್ಲ ಅನ್ನುವುದಾದರೆ ಕ್ಷಮಿಸುವುದಕ್ಕೆ ಏನಿದೆ?

ಮತ್ತಾಯ 18ಕ್ಕೆ ಬನ್ನಿ. ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ಅವನ ಜೊತೆ ಆಳು ಅವನಿಗೆ ನೂರು ದಿನಾರಿ ಸಾಲಗಾರ. ನಾವು ಪ್ರಸಂಗ ಮಾಡುವವರು ಸಾಮಾನ್ಯವಾಗಿ "ಆ ನೂರು ದಿನಾರಿ ಏನೂ ಅಲ್ಲ, ಚಿಲ್ಲರೆ" ಅಂತ ಹೇಳಿಬಿಡ್ತೀವಿ. ಸ್ವಲ್ಪ ಲೆಕ್ಕ ಹಾಕೋಣ. ಒಂದು ದಿನಾರಿ ಅಂದರೆ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ; ಮತ್ತಾಯ 20ರಲ್ಲಿ ದ್ರಾಕ್ಷೇ ತೋಟದವರಿಗೆ ಕೊಟ್ಟದ್ದು ಅದೇ. ಹಾಗಾದರೆ ನೂರು ದಿನಾರಿ ನೂರು ದಿನದ ಬೆವರು. ದಿನಕ್ಕೆ 600 ರೂಪಾಯಿ ಕೂಲಿ ಅಂತ ಇಟ್ಟುಕೊಂಡರೆ 60,000 ರೂಪಾಯಿ! ನಿಮ್ಮಲ್ಲಿ ಯಾರಿಗಾದರೂ 60,000 ಚಿಲ್ಲರೆಯಾ? ಅಲ್ಲ. ಮಗಳ ಫೀಸು ಅದು, ಮನೆ ಬಾಡಿಗೆ ಅದು.

ಕರ್ತನು ಬೇಕಂತಲೇ ಆ ಮೊತ್ತ ಇಟ್ಟಿದ್ದಾನೆ ಅಂತ ನಾನು ನಂಬ್ತೀನಿ. ನಿಮಗೆ ಆದ ನಷ್ಟ ನಿಜವಾದ ನಷ್ಟ ಅಂತ ಆತನಿಗೆ ಗೊತ್ತು. ಆದರೆ ಇನ್ನೊಂದು ಸಾಲವನ್ನೂ ನೋಡಿ. ಒಂದು ತಲಾಂತು ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ಅದೇ 600 ರೂಪಾಯಿ ಲೆಕ್ಕದಲ್ಲಿ 3,600 ಕೋಟಿ ರೂಪಾಯಿ. ಏಳು ತಲೆಮಾರು ದುಡಿದರೂ ತೀರದ ಸಾಲ. ಅಷ್ಟನ್ನೂ ಅರಸನು ಒಂದೇ ಮಾತಿನಲ್ಲಿ ಬಿಟ್ಟುಬಿಟ್ಟ. ಆ ಬಾಗಿಲಿಂದ ಹೊರಗೆ ಬಂದವನು 60,000ಕ್ಕೆ ಜೊತೆಯವನ ಕುತ್ತಿಗೆ ಹಿಡಿದ. ನಮ್ಮ ಗಾಯ ಸಣ್ಣದು ಅಂತ ಅಲ್ಲ ಪ್ರಿಯರೇ, ನಮಗೆ ಸಿಕ್ಕ ಕೃಪೆ ಅದಕ್ಕಿಂತ ತುಂಬಾ ದೊಡ್ಡದು. ಎಷ್ಟು ಜನ ಆಮೆನ್ ಹೇಳ್ತೀರಿ?

2. ಕ್ಷಮಾಪಣೆ ಎದುರಿನವನು ಬಗ್ಗುವ ತನಕ ಕಾಯುವುದಿಲ್ಲ

"ಅವರು ಬಂದು ತಪ್ಪಾಯ್ತು ಅಂತ ಕೇಳಲಿ, ಆಮೇಲೆ ನೋಡೋಣ." ಇದು ನಾವೆಲ್ಲರೂ ಆಡುವ ಮಾತು. ಯೋಸೇಫ ಹಾಗೆ ಕಾದಿದ್ದರೆ ಏನಾಗ್ತಿತ್ತು?

ವಯಸ್ಸಿನ ಲೆಕ್ಕ ನೋಡಿ. ಮಾರಿದಾಗ 17. ಫರೋಹನ ಮುಂದೆ ನಿಂತಾಗ 30. ಆಮೇಲೆ ಸುಭಿಕ್ಷದ ಏಳು ವರ್ಷ, ಬರಗಾಲದ ಎರಡು ವರ್ಷ. ಅಂದರೆ ಅಣ್ಣಂದಿರಿಗೆ ತನ್ನನ್ನು ತೋರಿಸಿಕೊಂಡಾಗ ಸುಮಾರು 39. ಇಪ್ಪತ್ತೆರಡು ವರ್ಷ ಯಾರೂ ಬಂದು ಸಾರಿ ಕೇಳಲಿಲ್ಲ.

ಆದರೆ ಆದಿಕಾಂಡ 41:50-51 ಗಮನಿಸಿ. ಬರಗಾಲ ಬರುವುದಕ್ಕೆ ಮೊದಲೇ, ಅಂದರೆ ಅಣ್ಣಂದಿರು ಧಾನ್ಯಕ್ಕಾಗಿ ಐಗುಪ್ತಕ್ಕೆ ಕಾಲಿಡುವುದಕ್ಕೂ ಮೊದಲೇ, ಅವನಿಗೆ ಗಂಡು ಮಗು ಹುಟ್ಟುತ್ತೆ. ಅದಕ್ಕೆ ಮನಸ್ಸೆ ಅಂತ ಹೆಸರಿಡ್ತಾನೆ. ನನ್ನ ಕಷ್ಟವನ್ನೂ ತಂದೆಯ ಮನೆಯಲ್ಲಿ ಆದದ್ದನ್ನೂ ದೇವರು ಮರೆಯುವಂತೆ ಮಾಡಿದ ಅನ್ನುವ ಅರ್ಥದಲ್ಲಿ. ನೋಡಿದ್ರಾ? ಅಣ್ಣಂದಿರು ಇನ್ನೂ ಕಾನಾನಿನಲ್ಲಿ ಇದ್ದಾರೆ. ಸುಳ್ಳು ಇನ್ನೂ ಬಯಲಾಗಿಲ್ಲ. ತಂದೆ ಇನ್ನೂ ರಕ್ತ ಬಳಿದ ಅಂಗಿಯನ್ನೇ ನಂಬಿ ಅಳ್ತಿದ್ದಾನೆ. ಆದರೆ ದೇವರು ಯೋಸೇಫನ ಹೃದಯದಲ್ಲಿ ಆಗಲೇ ಕೆಲಸ ಶುರುಮಾಡಿದ್ದಾನೆ. ಹಲ್ಲೆಲೂಯಾ! ನಿಮ್ಮ ಸಮಾಧಾನದ ಬೀಗದ ಕೈಯನ್ನು ನಿಮಗೆ ಅನ್ಯಾಯ ಮಾಡಿದವನ ಜೇಬಿನಲ್ಲಿ ಇಡಬೇಡಿ.

"ಮರೆತೆ ಅಂದವನು ಅಣ್ಣಂದಿರನ್ನು ಕಂಡಾಗ ಯಾಕೆ ಅತ್ತ?" ಅಂತ ಕೇಳಬಹುದು. ಅತ್ತ, ಹೌದು. 42ರಲ್ಲಿ ಅತ್ತ, 43ರಲ್ಲಿ ಕೋಣೆಗೆ ಓಡಿಹೋಗಿ ಅತ್ತ, 45ರಲ್ಲಿ ಅರಮನೆಗೇ ಕೇಳುವ ಹಾಗೆ ಅತ್ತ. ಕ್ಷಮಿಸಿದವನಿಗೆ ನೋವು ಇರಬಾರದು ಅಂತ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಗಾಯ ವಾಸಿಯಾದ ಮೇಲೂ ಮಚ್ಚೆ ಉಳಿಯುತ್ತೆ. ಮುಟ್ಟಿದರೆ ನೆನಪಾಗುತ್ತೆ. ಪುನರುತ್ಥಾನವಾದ ನಮ್ಮ ಕರ್ತನ ಕೈಯಲ್ಲೇ ಮೊಳೆಯ ಗುರುತು ಇತ್ತಲ್ವಾ?

ಪೇತ್ರನು ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಕೇಳಿದ, ಕರ್ತನು ಆ ಲೆಕ್ಕವನ್ನೇ ಒಡೆದುಹಾಕಿದ. ನಾನು ಇದನ್ನು ಹೀಗೆ ಅನ್ವಯಿಸಿಕೊಳ್ತೀನಿ: ಹೊಸ ತಪ್ಪುಗಳಿಗೆ ಮಾತ್ರ ಅಲ್ಲ, ಹಳೆಯ ಒಂದೇ ತಪ್ಪು ರಾತ್ರಿ ಹನ್ನೊಂದು ಗಂಟೆಗೆ ಮತ್ತೆ ನೆನಪಾಗುತ್ತಲ್ಲ, ಆಗಲೂ ಮತ್ತೆ ಕ್ಷಮಿಸಬೇಕು. ನೆನಪಾಗುವುದು ಪಾಪ ಅಲ್ಲ. ನೆನಪನ್ನು ಕೂರಿಸಿ ಊಟ ಬಡಿಸುವುದು ಬೇಡ.

3. ಕ್ಷಮಾಪಣೆ ನ್ಯಾಯಾಸನವನ್ನು ದೇವರಿಗೆ ಬಿಟ್ಟುಕೊಡುತ್ತೆ

ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿದ, ಆಮೇಲೆ ತೀರಿಕೊಂಡ. ಅಪ್ಪ ಸತ್ತ ಕೂಡಲೇ ಅಣ್ಣಂದಿರಿಗೆ ನಡುಕ ಶುರುವಾಯ್ತು. ಹದಿನೇಳು ವರ್ಷ ಗೋಷೆನ್ ಸೀಮೆಯಲ್ಲಿ ತಮ್ಮನ ಅನ್ನ ಉಂಡಿದ್ದಾರೆ, ಆದರೂ ತಮಗೆ ಕ್ಷಮೆ ಸಿಕ್ಕಿದೆ ಅಂತ ನಂಬೋಕೆ ಆಗ್ತಿಲ್ಲ. ಅದನ್ನು ಕೇಳಿ ಯೋಸೇಫ ಮತ್ತೆ ಅತ್ತ.

ಆಗ ಅವನು ಕೊಟ್ಟ ಉತ್ತರದಲ್ಲಿ ಇಡೀ ಕ್ಷಮಾಪಣೆಯ ಗುಟ್ಟು ಇದೆ. ನಾನೇನು ದೇವರ ಸ್ಥಾನದಲ್ಲಿ ಇದ್ದೇನಾ ಅಂತ ಕೇಳಿದ. ಸೇಡು ತೀರಿಸಿಕೊಳ್ಳುವ ಅಧಿಕಾರ ಅವನಿಗಿತ್ತು. ಸೈನ್ಯ ಇತ್ತು, ಸೆರೆಮನೆ ಇತ್ತು. ಆದರೆ ಆ ಒಂದು ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ.

ರೋಮಾ 12:19ರಲ್ಲಿ ಪೌಲನು ಇದನ್ನೇ ಬೋಧಿಸ್ತಾನೆ. ಸೇಡು ನಿಮ್ಮದಲ್ಲ, ದೇವರ ಕೋಪಕ್ಕೆ ಜಾಗ ಬಿಡಿ ಅಂತ. 1 ಪೇತ್ರ 2ನೇ ಅಧ್ಯಾಯ ಕಠಿಣ ಯಜಮಾನರ ಕೈಕೆಳಗೆ ದುಡಿಯುವ ಆಳುಗಳಿಗೆ ಬರೆದದ್ದು. ಅಲ್ಲಿ ಪೇತ್ರನು ಯೇಸುವನ್ನು ತೋರಿಸ್ತಾನೆ: ಬೈದರೂ ತಿರುಗಿ ಬೈಯಲಿಲ್ಲ, ಬಾಧೆಪಟ್ಟರೂ ಬೆದರಿಸಲಿಲ್ಲ, ನ್ಯಾಯವಾಗಿ ತೀರ್ಪು ಮಾಡುವಾತನ ಕೈಗೆ ತನ್ನನ್ನು ಒಪ್ಪಿಸಿದ. ಆ "ಒಪ್ಪಿಸುವುದು" ಅನ್ನುವ ಮಾತಿಗೆ ಗೆರೆ ಎಳೆಯಿರಿ. ಕ್ಷಮಿಸುವುದು ಅಂದರೆ ಫೈಲನ್ನು ಹರಿದು ಬಿಸಾಡುವುದಲ್ಲ. ಫೈಲನ್ನು ಸರಿಯಾದ ನ್ಯಾಯಾಧಿಪತಿಯ ಮೇಜಿನ ಮೇಲೆ ಇಟ್ಟು, ಕೈ ತೆಗೆಯುವುದು.

ಒಂದು ಸಣ್ಣ ಸಾಕ್ಷಿ ಹೇಳ್ತೀನಿ. ನಾನು ವಾರದ ಆರು ದಿನ ಕೆಲಸಕ್ಕೆ ಹೋಗುವವನು ಅಂತ ನಿಮಗೆ ಗೊತ್ತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಗೋಡೌನಿನಲ್ಲಿ ಸ್ಟಾಕ್ ಕಡಿಮೆ ಬಂತು. ಅದು ನನ್ನ ಪಾಳಿಯಲ್ಲಿ ಆದದ್ದಲ್ಲ, ಆದರೆ ಮೇಲಿನವರೊಬ್ಬರು ನನ್ನ ಹೆಸರು ಬರೆದರು. ಆ ವರ್ಷದ ಇನ್ಕ್ರಿಮೆಂಟ್ ಹೋಯ್ತು. ನಾನು ರಿಜಿಸ್ಟರಿನ ನಕಲು ಇಟ್ಟು, ಮರ್ಯಾದೆಯಿಂದಲೇ, ಬರವಣಿಗೆಯಲ್ಲಿ ವಿಷಯ ತಿಳಿಸಿದೆ. ಉತ್ತರ ಬರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅವರ ಹೆಸರು ಹೇಳಿ, ಅವರ ಮಕ್ಕಳ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾ ಬಂದೆ. ಮೊದಮೊದಲು ಆ ಪ್ರಾರ್ಥನೆ ಮರಳು ಅಗಿದ ಹಾಗೆ ಇತ್ತು. ಎರಡು ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರ ಎದುರಿಗೇ ಕೂತು ಊಟ ಮಾಡಿದೆ. ಅನ್ನ ಗಂಟಲಲ್ಲಿ ಇಳಿಯಿತು. ಅವರು ಸಾರಿ ಕೇಳಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಆದರೆ ನಾನು ಬಿಡುಗಡೆಯಾಗಿದ್ದೆ. ದೇವರಿಗೆ ಮಹಿಮೆ.

4. ಕ್ಷಮಾಪಣೆ ಸತ್ಯದ ಬಾಯಿ ಮುಚ್ಚಿಸುವುದಿಲ್ಲ, ಅಪಾಯಕ್ಕೆ ಬಾಗಿಲು ತೆರೆಯುವುದಿಲ್ಲ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕ್ಷಮಿಸುವುದು ಬೇರೆ, ತಿರುಗಿ ನಂಬುವುದು ಬೇರೆ. ಕ್ಷಮೆ ಉಚಿತ ಕೊಡುಗೆ. ನಂಬಿಕೆಯನ್ನು ಮತ್ತೆ ಕಟ್ಟಬೇಕಾಗುತ್ತೆ.

ಯೋಸೇಫ ಅಣ್ಣಂದಿರನ್ನು ಕಂಡ ಕೂಡಲೇ ಅಪ್ಪಿಕೊಳ್ಳಲಿಲ್ಲ. ಧಾನ್ಯ ಕೊಟ್ಟ, ಅವರ ಹಣವನ್ನೂ ಚೀಲದಲ್ಲಿ ವಾಪಸ್ ಇಟ್ಟ. ಆದರೆ ಪರೀಕ್ಷೆ ಮಾಡಿದ. ಹಿಂದೆ ತಮ್ಮನನ್ನು ಮಾರೋಣ ಅಂತ ಸಲಹೆ ಕೊಟ್ಟವನು ಯೆಹೂದ. ಅದೇ ಯೆಹೂದ 44ನೇ ಅಧ್ಯಾಯದಲ್ಲಿ, ಬೆನ್ಯಾಮೀನನ ಬದಲು ನಾನೇ ದಾಸನಾಗಿ ಉಳಿಯುತ್ತೇನೆ ಅಂತ ಬೇಡಿಕೊಳ್ತಾನೆ. ಮನಸ್ಸು ತಿರುಗಿದೆ ಅಂತ ಫಲ ಕಂಡ ಮೇಲೆ ಯೋಸೇಫ ಬಾಗಿಲು ಪೂರ್ತಿ ತೆರೆದ.

ದಾವೀದನನ್ನು ನೋಡಿ. ಏನ್ಗೆದಿಯ ಗವಿಯಲ್ಲಿ ಸೌಲ ಕೈಗೆ ಸಿಕ್ಕಿದ. ದಾವೀದ ಅವನ ನಿಲುವಂಗಿಯ ಅಂಚು ಕತ್ತರಿಸಿದನೇ ಹೊರತು ಕುತ್ತಿಗೆ ಕತ್ತರಿಸಲಿಲ್ಲ. ಸೌಲ ಅತ್ತ, ನೀನು ನನಗಿಂತ ನೀತಿವಂತ ಅಂತ ಒಪ್ಪಿಕೊಂಡ. ಆಮೇಲೆ? 1 ಸಮುವೇಲ 24ರ ಕೊನೆಯಲ್ಲಿ ಸೌಲ ಮನೆಗೆ ಹೋದ, ದಾವೀದ ತನ್ನ ದುರ್ಗಕ್ಕೆ ಹೋದ. ಮನಸ್ಸಿನಲ್ಲಿ ಸೇಡು ಇರಲಿಲ್ಲ, ಆದರೆ ಈಟಿ ಎಸೆಯುವ ಅರಮನೆಗೆ ಮತ್ತೆ ಹೋಗಿ ಕೂರಲಿಲ್ಲ.

ನಮ್ಮ ಕರ್ತನನ್ನೇ ನೋಡಿ. ಯೋಹಾನ 18ರಲ್ಲಿ ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಕೆನ್ನೆಗೆ ಹೊಡೆದಾಗ, ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದ. ಶಿಲುಬೆಯ ಮೇಲೆ ಕ್ಷಮಿಸಿದ ಅದೇ ಕರ್ತನು ಇಲ್ಲಿ ಪ್ರಶ್ನೆ ಕೇಳ್ತಾನೆ. ಫಿಲಿಪ್ಪಿಯಲ್ಲಿ ಪೌಲನನ್ನೂ ಸೀಲನನ್ನೂ ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿದರು. ಮರುದಿನ ಗುಟ್ಟಾಗಿ ಹೊರಗೆ ಕಳಿಸೋಕೆ ನೋಡಿದಾಗ ಪೌಲನು ಒಪ್ಪಲಿಲ್ಲ. ನಾವು ರೋಮಾಪುರದ ಹಕ್ಕುಳ್ಳವರು, ಅಧಿಕಾರಿಗಳೇ ಬಂದು ಕರಕೊಂಡು ಹೋಗಲಿ ಅಂದ. ಹಿಂದಿನ ರಾತ್ರಿ ಅದೇ ಸೆರೆಯ ಯಜಮಾನನ ಪ್ರಾಣ ಉಳಿಸಿ, ಅವನ ಮನೆಯವರಿಗೆಲ್ಲ ದೀಕ್ಷಾಸ್ನಾನ ಮಾಡಿಸಿದವನೂ ಅವನೇ. ಒಂದೇ ಹೃದಯದಲ್ಲಿ ಕರುಣೆಯೂ ಇತ್ತು, ನ್ಯಾಯದ ಮಾತೂ ಇತ್ತು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು. 1965ರಲ್ಲಿ ಭಾರತಕ್ಕೆ ಬಂದು ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರನ್ನೂ, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ ಎಂಬ ಮಕ್ಕಳನ್ನೂ ಗುಂಪೊಂದು ಜೀವಂತ ಸುಟ್ಟಿತು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಬಹಿರಂಗವಾಗಿ ಹೇಳಿದರು. ಮಗಳು ಎಸ್ತರಳ ಜೊತೆ ಅಲ್ಲಿಯೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು.

ಆದರೆ ಅವರು ಕ್ಷಮಿಸಿದರು ಅಂತ ಕೋರ್ಟು ಬಾಗಿಲು ಮುಚ್ಚಲಿಲ್ಲ. ವಿಚಾರಣೆ ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ರೋಮಾ 12ರಲ್ಲಿ ಸೇಡು ಬೇಡ ಅಂದ ಪೌಲನೇ ರೋಮಾ 13ರಲ್ಲಿ, ಕೆಟ್ಟದ್ದನ್ನು ಮಾಡುವವನನ್ನು ದಂಡಿಸುವುದಕ್ಕೆ ದೇವರು ಅಧಿಕಾರಿಗಳನ್ನು ಇಟ್ಟಿದ್ದಾನೆ ಅಂತ ಬರೀತಾನೆ. ಎರಡೂ ಅಧ್ಯಾಯ ಅಕ್ಕಪಕ್ಕದಲ್ಲೇ ಇವೆ, ಒಂದನ್ನು ಓದಿ ಇನ್ನೊಂದನ್ನು ಬಿಡಬೇಡಿ.

ಆದುದರಿಂದ ಸಹೋದರಿಯರೇ, ಇದನ್ನು ಕಿವಿಗೊಟ್ಟು ಕೇಳಿ. ಮನೆಯಲ್ಲಿ ಗಂಡ ಹೊಡೆಯುತ್ತಿದ್ದರೆ, "ಕ್ಷಮಿಸು, ಸಹಿಸಿಕೋ, ಯಾರಿಗೂ ಹೇಳಬೇಡ" ಅನ್ನುವುದು ಸುವಾರ್ತೆ ಅಲ್ಲ. ಮೊದಲು ಸುರಕ್ಷಿತವಾದ ಜಾಗಕ್ಕೆ ಬನ್ನಿ. ನಮಗೆ ಹೇಳಿ. ಮಹಿಳಾ ಸಹಾಯವಾಣಿ 181 ಇದೆ, ತುರ್ತು ಸಹಾಯಕ್ಕೆ 112 ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ 2005ರ ಕಾನೂನು ಇದೆ. ಅದನ್ನು ಬಳಸುವುದು ಅಪನಂಬಿಕೆ ಅಲ್ಲ. ಮಕ್ಕಳಿಗೆ ತೊಂದರೆ ಆಗುತ್ತಿದ್ದರೆ ಅದನ್ನು ಮುಚ್ಚಿಡುವುದು ಪಾಪ. ಕೂಲಿ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ; ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತೆ ಅಂತ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವೇ ಬೋಧಿಸುತ್ತೆ. ದೂರು ಕೊಡುವ ಕೈಯಲ್ಲಿ ಹಗೆ ಇರಬಾರದು, ಅಷ್ಟೇ.

ಈ ವಾರ ನಾವು ಮಾಡಬೇಕಾದದ್ದು

ಮೊದಲನೆಯದು, ಆದದ್ದನ್ನು ಆದ ಹಾಗೆಯೇ ದೇವರ ಮುಂದೆ ಹೇಳಿ. "ಕರ್ತನೇ, ಇವರು ನನಗೆ ಇಂಥಾ ಅನ್ಯಾಯ ಮಾಡಿದರು, ನನಗೆ ಇಷ್ಟು ನಷ್ಟ ಆಯ್ತು." ಜಾಸ್ತಿ ಮಾಡಬೇಡಿ, ಕಡಿಮೆಯೂ ಮಾಡಬೇಡಿ.

ಎರಡನೆಯದು, ಆ ವ್ಯಕ್ತಿಯ ಹೆಸರು ಹೇಳಿ ದಿನಾ ಪ್ರಾರ್ಥಿಸಿ. ಭಾವನೆ ಬರುವ ತನಕ ಕಾಯಬೇಡಿ. ಆ ಹೆಸರು ನಾಲಿಗೆಗೆ ಬಾರದೇ ಹೋದರೆ ಪವಿತ್ರಾತ್ಮನ ಸಹಾಯ ಕೇಳಿ. ಮಾತು ಬಾರದ ನರಳಾಟದಲ್ಲಿ ಆತನು ನಮಗೋಸ್ಕರ ಬೇಡಿಕೊಳ್ತಾನೆ ಅನ್ನುವುದು ರೋಮಾ 8ರ ಬೋಧನೆ.

ಮೂರನೆಯದು, ಸಹಾಯ ಮಾಡಬಲ್ಲವರಿಗೆ ವಿಷಯ ತಿಳಿಸಿ. ಬೀದಿಯಲ್ಲೆಲ್ಲಾ, ವಾಟ್ಸಾಪ್ ಗ್ರೂಪಿನಲ್ಲೆಲ್ಲಾ ಹಂಚಬೇಡಿ.

ನಾಲ್ಕನೆಯದು, ಅವಕಾಶ ಸಿಕ್ಕಾಗ ಒಳ್ಳೇದನ್ನು ಮಾಡಿ. ಯೋಸೇಫ ಬರೀ ಕ್ಷಮಿಸಿದೆ ಅನ್ನಲಿಲ್ಲ, ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಸಾಕುತ್ತೇನೆ ಅಂದ. ನಿಮಗೆ ಅಷ್ಟು ಆಗದೇ ಇರಬಹುದು. ಎದುರಿಗೆ ಬಂದಾಗ ಒಂದು ನಮಸ್ಕಾರ, ಅವರ ಮನೆಯಲ್ಲಿ ಸಾವಾದರೆ ಹೋಗಿ ನಿಲ್ಲುವುದು, ಅಲ್ಲಿಂದ ಶುರುಮಾಡಿ.

ಪ್ರಿಯರೇ, ಹತ್ತು ಸಾವಿರ ತಲಾಂತಿನ ಸಾಲವನ್ನು ಯಾರೋ ಒಬ್ಬರು ತೀರಿಸಲೇಬೇಕಿತ್ತು. ಅರಸನು ಬಿಟ್ಟುಬಿಟ್ಟ ಅಂದರೆ ಆ ನಷ್ಟವನ್ನು ಅರಸನೇ ಹೊತ್ತ ಅಂತ ಅರ್ಥ. ಕಲ್ವಾರಿಯಲ್ಲಿ ನಡೆದದ್ದು ಅದೇ. ಆ ರಕ್ತದಿಂದ ತೊಳೆಯಲ್ಪಟ್ಟ ಕೈಯಲ್ಲಿ ಇನ್ನೂ ಹಳೇ ಸಾಲದ ಚೀಟಿ ಹಿಡಿದುಕೊಂಡು ಕೂತಿದ್ದೀರಾ? ಈಗ ಬಂದು ಒಪ್ಪಿಸಿಬಿಡಿ.

ಎಲ್ಲರೂ ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನೀನು ನಮ್ಮನ್ನು ಕ್ಷಮಿಸಿದ್ದಕ್ಕಾಗಿ ಸ್ತೋತ್ರ. ನಮಗೆ ಅನ್ಯಾಯ ಮಾಡಿದವರ ಹೆಸರನ್ನು ಈಗ ನಿನ್ನ ಮುಂದೆ ಇಡುತ್ತೇವೆ. ನೀನು ಎಲ್ಲವನ್ನೂ ನೋಡಿದ್ದೀ. ತೀರ್ಪು ನಿನ್ನದು, ಸಮಯವೂ ನಿನ್ನದು. ಕಹಿಯನ್ನು ನಮ್ಮಿಂದ ತೆಗೆ. ಭಯದಲ್ಲಿ ಬದುಕುತ್ತಿರುವ ನಿನ್ನ ಮಕ್ಕಳಿಗೆ ಸುರಕ್ಷಿತ ದಾರಿ ತೋರಿಸು, ಮಾತಾಡುವ ಧೈರ್ಯ ಕೊಡು. ಅವರ ಮಾತನ್ನು ನಂಬುವ ಕಿವಿಯನ್ನು ನಿನ್ನ ಸಭೆಗೆ ಕೊಡು. ನಮ್ಮ ವೈರಿಗಳನ್ನೂ ಆಶೀರ್ವದಿಸು, ಅವರ ಮನಸ್ಸನ್ನು ತಿರುಗಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಕರ್ತನು ಈ ವಾಕ್ಯವನ್ನು ನಿಮ್ಮಲ್ಲಿ ಫಲಿಸುವಂತೆ ಮಾಡಲಿ. ದೇವರು ನಿಮ್ಮನ್ನು ಆಶೀರ್ವದಿಸಲಿ.